ಉದ್ದುದ್ದ ಮೆಥಡ್‌ಗಳು ಮತ್ತು ಕೋಡ್‌ನ ಗೋಜಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಡ್ ರಿವ್ಯೂಗೆ ಕೂತಾಗ, ಹೊಸಬರಿಗೆ ಕೆಲಸ ಹೇಳಿಕೊಡುವಾಗ ನನ್ನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಯಾವ ಭಾಷೆಯಲ್ಲಿ ಕೋಡ್ ಬರೆಯುವವರಿಗೂ ಉಪಯೋಗ ಆಗಲಿ ಅಂತ ಉದಾಹರಣೆಗಳನ್ನು ಕನ್ನಡದಲ್ಲೇ ಬರೆದಿದ್ದೇನೆ.

ಕೋಡ್‌ನ ಗೋಜಲನ್ನು ಅಳೆಯುವುದು ಅಂದರೆ ನಿಜಕ್ಕೂ ಏನನ್ನು ಅಳೆಯುವುದು?

ಒಂದು ಫಂಕ್ಷನ್ (ಕ್ಲಾಸ್ ಒಳಗಿದ್ದರೆ ಅದನ್ನೇ ಮೆಥಡ್ ಅನ್ನುತ್ತಾರೆ) ಓದುವಾಗ ತಲೆಯಲ್ಲಿ ಎಷ್ಟು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಳ್ಳಬೇಕು? ನಮಗೆ ಬೇಕಿರುವುದು ಇದರ ಉತ್ತರ. ಇದನ್ನು ನೇರವಾಗಿ ಅಳೆಯುವ ಟೂಲ್ ಯಾವುದೂ ಇಲ್ಲ. ಹಾಗಾಗಿ ಟೂಲ್‌ಗಳು ಎಣಿಸಲು ಸಿಗುವುದನ್ನು ಎಣಿಸುತ್ತವೆ: ಎಷ್ಟು ಸಾಲು, ಎಷ್ಟು ಕವಲು, ಒಂದರೊಳಗೆ ಒಂದು ಎಷ್ಟು ಆಳ. ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ. ಜಾಸ್ತಿ ತೋರಿಸಿದರೆ ಅಲ್ಲಿ ಏನೋ ಇದೆ ಅಂತ ಗೊತ್ತಾಗುತ್ತದೆ. ಏನು ಅನ್ನುವುದನ್ನು ಕೋಡ್ ಓದಿಯೇ ತಿಳಿಯಬೇಕು.

ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ ಎಣಿಸುವುದು ಹೇಗೆ?

ಥಾಮಸ್ ಮೆಕೇಬ್ 1976ರಲ್ಲಿ ಕೊಟ್ಟ ಅಳತೆ ಇದು. ಫಂಕ್ಷನ್ ಓಡುವ ದಾರಿಗಳನ್ನು ಒಂದು ನಕ್ಷೆಯ ಹಾಗೆ ಬರೆದು, ಗೆರೆಗಳ ಸಂಖ್ಯೆಯಿಂದ ಬಿಂದುಗಳ ಸಂಖ್ಯೆ ಕಳೆದು 2 ಕೂಡಿಸಬೇಕು. ಕೈಯಲ್ಲಿ ಎಣಿಸಲು ಇನ್ನೂ ಸುಲಭದ ದಾರಿ ಇದೆ: 1ರಿಂದ ಶುರು ಮಾಡಿ, ಪ್ರತಿ ಇಫ್, ಲೂಪ್, ಕೇಸ್, ಕ್ಯಾಚ್‌ಗೆ 1 ಕೂಡಿಸುತ್ತಾ ಹೋಗಿ. ಷರತ್ತಿನ ಒಳಗಿನ "ಮತ್ತು", "ಅಥವಾ"ಗೂ ಸಾಮಾನ್ಯವಾಗಿ 1 ಸೇರುತ್ತದೆ. ಕೆಲವು ಟೂಲ್‌ಗಳು ಇದನ್ನು ಎಣಿಸುವುದಿಲ್ಲ. ಹಾಗಾಗಿ ಎರಡು ಟೂಲ್‌ಗಳ ಅಂಕಿ ಬೇರೆ ಬೇರೆ ಬಂದರೆ ಗಾಬರಿ ಬೇಡ.

ಈ ಸಣ್ಣ ಫಂಕ್ಷನ್ ನೋಡಿ:

```
ಸಾಗಣೆ_ವೆಚ್ಚ(ಆರ್ಡರ್):
    ವೆಚ್ಚ = 0
    ಆರ್ಡರ್ ಖಾಲಿ ಅಲ್ಲದಿದ್ದರೆ:
        ಆರ್ಡರ್‌ನ ಪ್ರತಿ ವಸ್ತುವಿಗೂ:
            ವಸ್ತು ಒಡೆಯುವಂಥದ್ದು ಮತ್ತು ತೂಕ > 10 ಆಗಿದ್ದರೆ:
                ವೆಚ್ಚ += ತೂಕ × ವಿಶೇಷ_ದರ
            ಇಲ್ಲದಿದ್ದರೆ:
                ವೆಚ್ಚ += ತೂಕ × ಮಾಮೂಲಿ_ದರ
    ರಿಟರ್ನ್ ವೆಚ್ಚ
```

ಶುರುವಿನ 1, ಹೊರಗಿನ ಇಫ್, ಲೂಪ್, ಒಳಗಿನ ಇಫ್, ಅದರೊಳಗಿನ "ಮತ್ತು". ಒಟ್ಟು 5. "ಇಲ್ಲದಿದ್ದರೆ" ಲೆಕ್ಕಕ್ಕಿಲ್ಲ, ಯಾಕಂದರೆ ಆ ಕವಲನ್ನು ಇಫ್ ಆಗಲೇ ಎಣಿಸಿ ಆಯಿತು.

ಈ ಸಂಖ್ಯೆಗೆ ಟೆಸ್ಟ್ ಬರೆಯುವಾಗಲೂ ಉಪಯೋಗ ಇದೆ. ಫಂಕ್ಷನ್‌ನಲ್ಲಿ ಒಂದಕ್ಕೊಂದು ಸ್ವತಂತ್ರವಾದ ದಾರಿಗಳು ಎಷ್ಟು ಅಂತ ಅದು ಹೇಳುತ್ತದೆ. 14 ಬಂದಿರುವ ಫಂಕ್ಷನ್‌ಗೆ 2 ಟೆಸ್ಟ್ ಮಾತ್ರ ಇದೆ ಅಂದರೆ, ಎಷ್ಟೋ ದಾರಿಗಳಲ್ಲಿ ಯಾರೂ ನಡೆದೇ ನೋಡಿಲ್ಲ ಅಂತ ಅರ್ಥ.

ಹಾಗಾದರೆ ಕಾಗ್ನಿಟಿವ್ ಕಾಂಪ್ಲೆಕ್ಸಿಟಿ ಯಾಕೆ ಬೇಕಾಯಿತು?

ಮೆಕೇಬ್ ಅಳತೆಗೆ ಆಳ ಕಾಣುವುದಿಲ್ಲ, ಅದಕ್ಕೆ. ಸಾಲಾಗಿ ಬಂದ ಮೂರು ಇಫ್‌ಗೂ ಒಂದರೊಳಗೊಂದು ಕೂತ ಮೂರು ಇಫ್‌ಗೂ ಅದು ಒಂದೇ ಅಂಕಿ ಕೊಡುತ್ತದೆ. ಓದುವವರಿಗೆ ಅವೆರಡೂ ಒಂದೇ ಅಲ್ಲ, ಅಲ್ವಾ? 12 ಕೇಸ್ ಇರುವ ಸರಳ ಸ್ವಿಚ್ ಮೆಕೇಬ್ ಲೆಕ್ಕದಲ್ಲಿ 13. ಆದರೆ ಅದನ್ನು ಓದಲು ಅರ್ಧ ನಿಮಿಷ ಸಾಕು.

ಸೋನಾರ್‌ಸೋರ್ಸ್ ಸಂಸ್ಥೆ ತಂದ ಕಾಗ್ನಿಟಿವ್ ಕಾಂಪ್ಲೆಕ್ಸಿಟಿ ಈ ಕೊರತೆಯನ್ನು ತುಂಬುತ್ತದೆ. ಅದರ ಪ್ರಕಾರ ಇಡೀ ಸ್ವಿಚ್‌ಗೆ 1 ಮಾತ್ರ. ಇಫ್ ಅಥವಾ ಲೂಪ್ ಎಷ್ಟು ಒಳಗೆ ಕೂತಿದೆಯೋ ಅಷ್ಟು ದಂಡ ಜಾಸ್ತಿ. ಮೇಲಿನ ಫಂಕ್ಷನ್‌ನಲ್ಲಿ ಹೊರಗಿನ ಇಫ್‌ಗೆ 1, ಅದರೊಳಗಿನ ಲೂಪ್‌ಗೆ 2, ಅದರೊಳಗಿನ ಇಫ್‌ಗೆ 3, "ಮತ್ತು"ಗೆ 1, "ಇಲ್ಲದಿದ್ದರೆ"ಗೆ 1. ಒಟ್ಟು 8.

ಈಗ ಒಂದೇ ಒಂದು ಬದಲಾವಣೆ ಮಾಡೋಣ. "ಆರ್ಡರ್ ಖಾಲಿ ಇದ್ದರೆ 0 ರಿಟರ್ನ್" ಅಂತ ಮೊದಲ ಸಾಲಿನಲ್ಲೇ ಬರೆದು, ಉಳಿದದ್ದನ್ನು ಒಂದು ಹೆಜ್ಜೆ ಎಡಕ್ಕೆ ತರೋಣ. ಮೆಕೇಬ್ ಸಂಖ್ಯೆ ಮೊದಲಿನ ಹಾಗೆ 5. ಕಾಗ್ನಿಟಿವ್ ಸಂಖ್ಯೆ 8ರಿಂದ 6ಕ್ಕೆ ಇಳಿಯಿತು. ಆಮೇಲೆ ಲೂಪ್‌ನ ಒಳಗಿನ ಭಾಗವನ್ನು "ವಸ್ತುವಿನ_ವೆಚ್ಚ" ಅಂತ ಬೇರೆ ಫಂಕ್ಷನ್ ಮಾಡಿದರೆ, ಹೊರಗಿನದಕ್ಕೆ 2, ಒಳಗಿನದಕ್ಕೆ 3. ಆದರೆ ಮೆಕೇಬ್ ಲೆಕ್ಕದಲ್ಲಿ ಈಗ 3 ಮತ್ತು 3, ಒಟ್ಟು 6. ಅಂದರೆ ಮೊದಲಿಗಿಂತ ಒಂದು ಜಾಸ್ತಿ! ಪ್ರತಿ ಫಂಕ್ಷನ್ 1ರಿಂದ ಶುರು ಆಗುವುದರಿಂದ ಹೀಗಾಗುತ್ತದೆ. ಇಡೀ ಪ್ರಾಜೆಕ್ಟಿನ ಒಟ್ಟು ಮೊತ್ತ ನೋಡಿ "ರಿಫ್ಯಾಕ್ಟರ್ ಮಾಡಿದ ಮೇಲೆ ಗೋಜಲು ಹೆಚ್ಚಾಯಿತು" ಅನ್ನುವವರಿಗೆ ಈ ಉದಾಹರಣೆ ತೋರಿಸಿ (ರಿಫ್ಯಾಕ್ಟರ್ ಅಂದರೆ ನಡವಳಿಕೆ ಬದಲಿಸದೆ ಕೋಡನ್ನು ಓರಣ ಮಾಡುವುದು). ನೋಡಬೇಕಾದ್ದು ಒಂದೊಂದು ಫಂಕ್ಷನ್‌ನ ಅಂಕಿಯನ್ನು.

ಮೆಕೇಬ್ ಅಂಕಿ 10 ದಾಟಿದರೆ ತಪ್ಪಾ?

10 ಅನ್ನುವ ಮಿತಿ ಮೆಕೇಬ್ ಅವರೇ ಸೂಚಿಸಿದ್ದು. ಕಲ್ಲಿನ ಮೇಲೆ ಕೆತ್ತಿದ ಗೆರೆ ಅಲ್ಲ. ಟೂಲ್‌ಗಳೇ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಜಾವಾದ ಚೆಕ್‌ಸ್ಟೈಲ್ 10ಕ್ಕೆ ನಿಲ್ಲಿಸುತ್ತದೆ, ಜಾವಾಸ್ಕ್ರಿಪ್ಟ್‌ನ ಇಎಸ್‌ಲಿಂಟ್ 20ರವರೆಗೆ ಬಿಡುತ್ತದೆ, ರೂಬಿಯ ರುಬೊಕಾಪ್ 7 ದಾಟಿದರೇ ತಕರಾರು ತೆಗೆಯುತ್ತದೆ. ಪೈಥಾನ್‌ನ ರ‍್ಯಾಡನ್ ಗ್ರೇಡ್ ಕೊಡುತ್ತದೆ: 5ರವರೆಗೆ ಎ, 10ರವರೆಗೆ ಬಿ, 20ರವರೆಗೆ ಸಿ, ಹೀಗೆ 40 ದಾಟಿದರೆ ಎಫ್. ಕಾಗ್ನಿಟಿವ್ ಅಳತೆಗೆ ಸೋನಾರ್ ಹೆಚ್ಚಿನ ಭಾಷೆಗಳಿಗೆ ಇಟ್ಟಿರುವ ಮಿತಿ 15.

ನನ್ನ ಮಟ್ಟಿಗೆ ಹೇಳುವುದಾದರೆ, 10ರಿಂದ 15ರ ನಡುವಿನ ಫಂಕ್ಷನ್‌ಗಳ ಬಗ್ಗೆ ವಾದ ಮಾಡುತ್ತಾ ಕೂರುವುದು ಬೇಡ. 30, 40 ದಾಟಿದವು ಮೊದಲು ನೋಡಬೇಕಾದವು.

ಒಂದು ಮೆಥಡ್ ಎಷ್ಟು ಸಾಲು ಇರಬೇಕು?

ಇಲ್ಲೂ ಒಂದೊಂದು ಕಡೆ ಒಂದೊಂದು ಲೆಕ್ಕ. ರುಬೊಕಾಪ್ 10 ಸಾಲು ಅನ್ನುತ್ತದೆ, ಇಎಸ್‌ಲಿಂಟ್‌ನ ನಿಯಮದಲ್ಲಿ 50, ಚೆಕ್‌ಸ್ಟೈಲ್‌ನಲ್ಲಿ 150. ಲಿನಕ್ಸ್ ಕರ್ನಲ್‌ನ ಕೋಡಿಂಗ್ ನಿಯಮಗಳ ಮಾತು ನನಗೆ ಹೆಚ್ಚು ಹಿಡಿಸುತ್ತದೆ. ಫಂಕ್ಷನ್ ಒಂದೆರಡು ಪರದೆಯಲ್ಲಿ ಹಿಡಿಸಬೇಕು, ಗೋಜಲು ಮತ್ತು ಆಳ ಹೆಚ್ಚಾದಷ್ಟೂ ಉದ್ದ ಕಮ್ಮಿ ಆಗಬೇಕು, ಒಳಗಿನ ವೇರಿಯಬಲ್‌ಗಳು 5ರಿಂದ 10 ದಾಟಬಾರದು ಅಂತ ಅಲ್ಲಿದೆ. ಉದ್ದ ಮತ್ತು ಗೋಜಲನ್ನು ಒಟ್ಟಿಗೆ ಇಟ್ಟು ನೋಡುವ ಈ ರೀತಿ ಸರಿ.

70 ಸಾಲಿನ ಒಂದು ಫಂಕ್ಷನ್ ಸುಮ್ನೆ 70 ಸೆಟ್ಟಿಂಗ್‌ಗಳನ್ನು ಒಂದರ ಕೆಳಗೊಂದು ತುಂಬುತ್ತಿದ್ದರೆ ಅದನ್ನು ಮುಟ್ಟುವ ಅಗತ್ಯ ಇಲ್ಲ. 25 ಸಾಲಿನಲ್ಲಿ ನಾಲ್ಕು ಹಂತ ಒಳಗೆ ಹೋಗಿ, ಮೂರು ಫ್ಲ್ಯಾಗ್‌ಗಳನ್ನು (ಹೌದು, ಇಲ್ಲ ಅಂತ ಹೇಳುವ ವೇರಿಯಬಲ್‌ಗಳು) ತಿರುಗಿಸುವ ಫಂಕ್ಷನ್ ಅದಕ್ಕಿಂತ ಅಪಾಯ.

ಹಾಲ್‌ಸ್ಟೆಡ್ ಅಳತೆ, ಮೇಂಟೇನಬಿಲಿಟಿ ಇಂಡೆಕ್ಸ್, ಎನ್‌ಪಾತ್ ಇವೆಲ್ಲ ನೋಡಬೇಕಾ?

ಹಾಲ್‌ಸ್ಟೆಡ್ ಅಳತೆ 1977ರದ್ದು. ಆಪರೇಟರ್ (ಕೂಡು, ಕಳೆಯಂಥ ಚಿಹ್ನೆಗಳು), ಆಪರಂಡ್‌ಗಳನ್ನು (ಅವು ಕೆಲಸ ಮಾಡುವ ಬೆಲೆಗಳು) ಎಣಿಸುತ್ತದೆ. ದಿನದ ಕೆಲಸಕ್ಕೆ ನನಗೆ ಅದು ಒದಗಿಲ್ಲ. ಮೇಂಟೇನಬಿಲಿಟಿ ಇಂಡೆಕ್ಸ್ ಹಲವು ಅಳತೆಗಳನ್ನು ಕಲಸಿ ಒಂದೇ ಅಂಕಿ ಕೊಡುತ್ತದೆ. ವಿಷುಯಲ್ ಸ್ಟುಡಿಯೋದಲ್ಲಿ ಅದು 0ಯಿಂದ 100ರವರೆಗೆ, 20 ಮತ್ತು ಮೇಲೆ ಇದ್ದರೆ ಹಸಿರು. ಆದರೆ ಅಂಕಿ ಇಳಿದಾಗ ಯಾಕೆ ಇಳಿಯಿತು ಅಂತ ಅದರಿಂದ ಗೊತ್ತಾಗುವುದಿಲ್ಲ.

ಎನ್‌ಪಾತ್ ಮಾತ್ರ ಒಮ್ಮೆ ನೋಡಿ. ಅದು ಫಂಕ್ಷನ್ ಒಳಗೆ ಸಾಗಬಹುದಾದ ಎಲ್ಲ ದಾರಿಗಳನ್ನು ಗುಣಿಸಿ ಎಣಿಸುತ್ತದೆ. ಒಂದರ ಕೆಳಗೊಂದು 10 ಸರಳ ಇಫ್ ಇದ್ದರೆ ಮೆಕೇಬ್ 11 ಅನ್ನುತ್ತದೆ, ಎನ್‌ಪಾತ್ 1024 ಅನ್ನುತ್ತದೆ. "ಎಲ್ಲ ಸೇರಿಕೆಗಳನ್ನೂ ಟೆಸ್ಟ್ ಮಾಡಿದ್ದೇವೆ" ಅನ್ನುವ ಮಾತು ಎಷ್ಟು ಕಷ್ಟದ್ದು ಅಂತ ಆಗ ಅರ್ಥ ಆಗುತ್ತದೆ.

ಟೂಲ್ ಓಡಿಸಿದೆ. ಸಾವಿರಾರು ಎಚ್ಚರಿಕೆ ಬಂದಿವೆ. ಎಲ್ಲಿಂದ ಶುರು ಮಾಡಲಿ?

ಪಟ್ಟಿಯ ಮೇಲಿಂದ ಶುರು ಮಾಡಬೇಡಿ. ಗೋಜಲಿನ ಅಂಕಿಯ ಪಕ್ಕ ಇನ್ನೊಂದು ಅಂಕಿ ಇಡಿ: ಕಳೆದ ಒಂದು ವರ್ಷದಲ್ಲಿ ಆ ಫೈಲ್ ಎಷ್ಟು ಸಲ ಬದಲಾಗಿದೆ? ಗಿಟ್ ಲಾಗ್‌ನಿಂದ (ಕೋಡ್ ಬದಲಾವಣೆಗಳ ದಾಖಲೆ) ಇದನ್ನು ಐದು ನಿಮಿಷದಲ್ಲಿ ತೆಗೆಯಬಹುದು. ಎರಡೂ ಅಂಕಿ ಜಾಸ್ತಿ ಇರುವ ಕಡೆ ನಿಮ್ಮ ತಂಡದ ಸಮಯ ಸೋರುತ್ತಿದೆ. ಐದು ವರ್ಷದಿಂದ ಯಾರೂ ಮುಟ್ಟದ 600 ಸಾಲಿನ ಫಂಕ್ಷನ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದನ್ನು ಅದರ ಪಾಡಿಗೆ ಬಿಡಿ.

ಹಳೆಯ ಎಚ್ಚರಿಕೆಗಳನ್ನು ಒಂದು ಪಟ್ಟಿಯಾಗಿ ಬದಿಗಿಟ್ಟು, ಹೊಸ ಕೋಡ್‌ಗೆ ಮಾತ್ರ ಮಿತಿ ಹಾಕಿ. ಒಂದೇ ದಿನದಲ್ಲಿ ಎಲ್ಲವನ್ನೂ ಕೆಂಪು ಮಾಡಿದರೆ ತಂಡದವರು ಎಚ್ಚರಿಕೆ ನೋಡುವುದನ್ನೇ ಬಿಡುತ್ತಾರೆ.

ಟೆಸ್ಟೇ ಇಲ್ಲದ ಕೋಡನ್ನು ಮುಟ್ಟುವುದು ಹೇಗೆ?

ಮೊದಲು ಈಗಿನ ನಡವಳಿಕೆಯನ್ನು ಹಿಡಿದಿಡುವ ಟೆಸ್ಟ್ ಬರೆಯಿರಿ. "ಇದು ಹೇಗಿರಬೇಕು" ಅನ್ನುವುದನ್ನು ಸದ್ಯಕ್ಕೆ ಮರೆತುಬಿಡಿ. ಈಗ ಹೇಗಿದೆ ಅನ್ನುವುದು ಮುಖ್ಯ. ನಿಜವಾದ ಒಂದಷ್ಟು ಇನ್‌ಪುಟ್‌ಗಳನ್ನು ಫಂಕ್ಷನ್‌ಗೆ ಕೊಟ್ಟು, ಬಂದ ಉತ್ತರಗಳನ್ನು ಫೈಲಿನಲ್ಲಿ ಉಳಿಸಿ. ಪ್ರತಿ ಸಣ್ಣ ಬದಲಾವಣೆ ಆದ ಮೇಲೂ ಹೊಸ ಉತ್ತರವನ್ನು ಹಳೆಯದರ ಜೊತೆ ಹೋಲಿಸಿ. ಇವಕ್ಕೆ ಕ್ಯಾರೆಕ್ಟರೈಸೇಶನ್ ಟೆಸ್ಟ್ ಅನ್ನುತ್ತಾರೆ.

ಫಂಕ್ಷನ್ ಒಳಗೆ ಈಗಿನ ಸಮಯ ಕೇಳುವ ಸಾಲು ಇದ್ದರೆ, ಉತ್ತರ ಪ್ರತಿ ಸಲ ಬದಲಾಗುತ್ತದೆ. ಆ ಸಮಯವನ್ನು ಹೊರಗಿನಿಂದ ಪ್ಯಾರಾಮೀಟರ್ ಆಗಿ ಕೊಡುವಂತೆ ಮಾಡಿ. ಟೆಸ್ಟ್ ಬರುವ ಮುಂಚೆ ಮಾಡಬಹುದಾದ ಕೆಲವೇ ಬದಲಾವಣೆಗಳಲ್ಲಿ ಇದೂ ಒಂದು.

ಟೆಸ್ಟ್ ನಿಜಕ್ಕೂ ಕಾಯುತ್ತಿದೆಯಾ ಅಂತ ನೋಡಲು, ಬೇಕಂತಲೇ ಒಂದು ಸಾಲು ಕೆಡಿಸಿ. "ದೊಡ್ಡದು" ಇದ್ದಲ್ಲಿ "ಚಿಕ್ಕದು" ಮಾಡಿ ಓಡಿಸಿ. ಒಂದು ಟೆಸ್ಟೂ ಬೀಳದಿದ್ದರೆ ಆ ದಾರಿಗೆ ಕಾವಲು ಇಲ್ಲ ಅಂತಾಯಿತು.

ಈ ಕೆಲಸದ ನಡುವೆ ಹಳೆಯ ಬಗ್ ಒಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಬರೆದಿಟ್ಟುಕೊಳ್ಳಿ, ಬೇರೆ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಟ್ಟಿಗೆ ಉಳಿಸುವ ಒಂದು ಬದಲಾವಣೆ) ಸರಿಮಾಡಿ. ರಿಫ್ಯಾಕ್ಟರ್ ಅಂದರೆ ನಡವಳಿಕೆ ಬದಲಾಗಬಾರದು. ಎರಡನ್ನೂ ಬೆರೆಸಿದರೆ ನಾಳೆ ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಹುಡುಕಲು ಆಗುವುದಿಲ್ಲ.

400 ಸಾಲಿನ ಮೆಥಡ್ ಮುಂದೆ ಕೂತಿದ್ದೇನೆ. ಮೊದಲ ಏಟು ಎಲ್ಲಿಗೆ?

ಮೊದಲು ಓದಿ, ಕೈ ಹಚ್ಚಬೇಡಿ. ಖಾಲಿ ಸಾಲುಗಳನ್ನೂ ಕಾಮೆಂಟ್‌ಗಳನ್ನೂ ಗಮನಿಸಿ. "ಇಲ್ಲಿಂದ ರಿಯಾಯಿತಿ ಲೆಕ್ಕ" ಅಂತ ಯಾರೋ ಬರೆದಿದ್ದರೆ, ಅವರಿಗೂ ಅಲ್ಲಿ ಒಂದು ಗಡಿ ಕಂಡಿತ್ತು. ಹೊಸ ಫಂಕ್ಷನ್‌ನ ಹೆಸರು ಅರ್ಧ ಅಲ್ಲೇ ಸಿಕ್ಕಿತು.

ಆಮೇಲೆ ವೇರಿಯಬಲ್‌ಗಳ ಜಾಡು ಹಿಡಿಯಿರಿ. ಬೇರೆ ಮಾಡಬೇಕೆಂದಿರುವ ತುಂಡಿಗೆ ಮೇಲಿನಿಂದ ಏನೇನು ಒಳಗೆ ಬರುತ್ತದೆ, ಕೆಳಗೆ ಏನೇನು ಬೇಕು? ಒಳಗೆ ಎರಡು ಮೂರು ಬಂದು ಹೊರಗೆ ಒಂದು ಹೋಗುತ್ತಿದ್ದರೆ ಆ ತುಂಡು ಬೇರೆ ಆಗಲು ಸಿದ್ಧ ಇದೆ. ಹೊರಗೆ ನಾಲ್ಕು ಹೋಗುತ್ತಿದ್ದರೆ ಗಡಿ ತಪ್ಪಾಗಿದೆ, ಸ್ವಲ್ಪ ಮೇಲೆ ಕೆಳಗೆ ಸರಿಸಿ ನೋಡಿ.

ಇಂಥ ಮೆಥಡ್‌ಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದೇ ಹೆಸರಿಗೆ ಎರಡು ಅರ್ಥ. "ಒಟ್ಟು" ಅಂತ ಒಂದು ವೇರಿಯಬಲ್. 40ನೇ ಸಾಲಿನಲ್ಲಿ ಅದು ರಿಯಾಯಿತಿಗೆ ಮುಂಚಿನ ಮೊತ್ತ. 210ನೇ ಸಾಲಿನಲ್ಲಿ ಅದೇ "ಒಟ್ಟು" ರಿಯಾಯಿತಿ ಕಳೆದ ಮೊತ್ತ. 300ನೇ ಸಾಲಿನಲ್ಲಿ ಅದರ ಮೇಲೆ ತೆರಿಗೆ ಲೆಕ್ಕ ಹಾಕುತ್ತಾರೆ. ಯಾವ ಟೂಲೂ ಇದಕ್ಕೆ ಅಂಕಿ ಕೊಡುವುದಿಲ್ಲ. ಇದನ್ನು ಒಡೆಯುವ ಮೊದಲು "ಮೂಲ_ಮೊತ್ತ", "ರಿಯಾಯಿತಿ_ನಂತರದ_ಮೊತ್ತ" ಅಂತ ಎರಡು ಹೆಸರು ಮಾಡಿ, ಎರಡಕ್ಕೂ ಒಂದೇ ಸಲ ಮಾತ್ರ ಬೆಲೆ ತುಂಬಿ. ಇಷ್ಟು ಮಾಡಿದರೆ ಮೆಥಡ್ ಎಲ್ಲಿ ಬಿರುಕು ಬಿಡಬೇಕೋ ಅಲ್ಲಿ ತಾನಾಗಿ ಬಿಡುತ್ತದೆ.

ತುಂಡು ತೆಗೆಯುವ ಕೆಲಸವನ್ನು ಎಡಿಟರ್‌ಗೆ ಬಿಡಿ. ಇಂಟೆಲಿಜೆ ಐಡಿಯಾದಲ್ಲಿ ವಿಂಡೋಸ್, ಲಿನಕ್ಸ್ ಮೇಲೆ ಕಂಟ್ರೋಲ್, ಆಲ್ಟ್, ಎಂ ಒಟ್ಟಿಗೆ ಒತ್ತಿದರೆ ಆಯ್ದ ಸಾಲುಗಳು ಹೊಸ ಮೆಥಡ್ ಆಗುತ್ತವೆ. ಯಾವ ಪ್ಯಾರಾಮೀಟರ್ ಬೇಕು ಅನ್ನುವುದನ್ನೂ ಅದೇ ನೋಡಿಕೊಳ್ಳುತ್ತದೆ. ಕೈಯಲ್ಲಿ ಕಟ್, ಪೇಸ್ಟ್ ಮಾಡಿದರೆ ಒಂದು ಸಾಲು ಬಿಟ್ಟು ಹೋಗುವ ಸಾಧ್ಯತೆ ಜಾಸ್ತಿ. ಒಂದು ತುಂಡು ತೆಗೆಯಿರಿ, ಟೆಸ್ಟ್ ಓಡಿಸಿ, ಕಮಿಟ್ ಮಾಡಿ. ಮುಂದಿನ ತುಂಡು ಆಮೇಲೆ.

ಒಳಗೊಳಗೆ ಹೋದ ಇಫ್‌ಗಳನ್ನು ಬೇಗ ರಿಟರ್ನ್ ಮಾಡಿ ಬಿಡಿಸುವುದು ಯಾವಾಗಲೂ ಸುರಕ್ಷಿತವಾ?

ಅಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಹಿಂದೆ ಒಂದು ಕಡೆ ಕೆಲಸ ಮಾಡುವಾಗ, ರಾತ್ರಿ ಓಡುವ ಒಂದು ಫೈಲ್ ಆಮದು ಮಾಡುವ ಜಾಬ್ ಇತ್ತು. ಐದು ಹಂತ ಆಳದ ಇಫ್‌ಗಳು. ನಾನು ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ತಿರುಗಿಸಿ ಬರೆದೆ: ಫೈಲ್ ಇಲ್ಲದಿದ್ದರೆ ರಿಟರ್ನ್, ಖಾಲಿ ಇದ್ದರೆ ರಿಟರ್ನ್, ಹೆಡರ್ ತಪ್ಪಿದ್ದರೆ ರಿಟರ್ನ್. ನೋಡಲು ಬಹಳ ಚೆನ್ನಾಗಿತ್ತು. ಕಾಗ್ನಿಟಿವ್ ಅಂಕಿ ಅರ್ಧಕ್ಕೆ ಇಳಿದಿತ್ತು. ಎರಡು ರಾತ್ರಿ ಸರಿಯಾಗಿ ಓಡಿತು. ಮೂರನೇ ರಾತ್ರಿ ಖಾಲಿ ಫೈಲ್ ಬಂತು. ಫಂಕ್ಷನ್‌ನ ಮೊದಲ ಸಾಲಿನಲ್ಲಿ ಒಂದು ಲಾಕ್ (ಒಂದು ಜಾಬ್ ಓಡುವಾಗ ಇನ್ನೊಂದನ್ನು ತಡೆಯುವ ಬೀಗ) ಹಿಡಿಯುತ್ತಿದ್ದರು, ಕೊನೆಯ ಸಾಲಿನಲ್ಲಿ ಬಿಡುತ್ತಿದ್ದರು. ನನ್ನ ರಿಟರ್ನ್ ಆ ಕೊನೆಯ ಸಾಲನ್ನು ತಲುಪಲೇ ಇಲ್ಲ. ಲಾಕ್ ಹಾಗೇ ಉಳಿಯಿತು, ಮುಂದಿನ ಜಾಬ್‌ಗಳೆಲ್ಲ ಅದಕ್ಕಾಗಿ ಕಾಯುತ್ತಾ ನಿಂತವು. ಖಾಲಿ ಫೈಲ್‌ಗೆ ನಾನು ಟೆಸ್ಟ್ ಬರೆದಿರಲಿಲ್ಲ.

ಆಮೇಲೆ ಅದನ್ನು ಎರಡು ಫಂಕ್ಷನ್ ಮಾಡಿದೆವು. ಹೊರಗಿನದು ಲಾಕ್ ಹಿಡಿಯುತ್ತದೆ, ಫೈನಲಿ ಬ್ಲಾಕ್‌ನಲ್ಲಿ (ಹೇಗೆ ಹೊರಬಂದರೂ ಕೊನೆಗೆ ಓಡುವ ಭಾಗ) ಬಿಡುತ್ತದೆ. ಒಳಗಿನದು ಎಷ್ಟು ಕಡೆ ಬೇಕಾದರೂ ರಿಟರ್ನ್ ಮಾಡಬಹುದು. ಬೇಗ ರಿಟರ್ನ್ ಮಾಡುವ ಮುಂಚೆ ಮೆಥಡ್‌ನ ಕೊನೆಯ ಐದು ಸಾಲು ಓದಿ. ಲಾಕ್, ಫೈಲ್, ಕನೆಕ್ಷನ್, ಲಾಗ್, ಕೌಂಟರ್ ಏನಾದರೂ ಅಲ್ಲಿ ಮುಚ್ಚುತ್ತಿದೆಯಾ ನೋಡಿ.

ಬೇರೆ ಮಾಡಿದ ಮೆಥಡ್‌ಗೆ ಏಳು ಪ್ಯಾರಾಮೀಟರ್ ಬೇಕಾಗುತ್ತಿದೆ. ಏನು ಮಾಡಲಿ?

ಆ ಏಳರಲ್ಲಿ ಯಾವುವು ಯಾವಾಗಲೂ ಜೊತೆಯಾಗಿ ಓಡಾಡುತ್ತವೆ ನೋಡಿ. ಶುರುವಿನ ದಿನ, ಕೊನೆಯ ದಿನ ಎರಡೂ ಎಲ್ಲ ಕಡೆ ಒಟ್ಟಿಗೆ ಹೋಗುತ್ತಿದ್ದರೆ ಅವು "ಅವಧಿ" ಅನ್ನುವ ಒಂದು ಆಬ್ಜೆಕ್ಟ್. ಮಾಡಿ ಮುಗಿಸಿದ ಮೇಲೆ, ಅವಧಿಗೆ ಸೇರಿದ ಎಷ್ಟೋ ಲೆಕ್ಕಗಳು ಅದರೊಳಗೇ ಹೋಗಿ ಕೂರುತ್ತವೆ. ಎಲ್ಲವೂ ಎಲ್ಲದರ ಜೊತೆ ಹೆಣೆದುಕೊಂಡಿದ್ದರೆ, ಇಡೀ ಮೆಥಡನ್ನೇ ಒಂದು ಹೊಸ ಕ್ಲಾಸ್ ಮಾಡಿ, ವೇರಿಯಬಲ್‌ಗಳನ್ನು ಅದರ ಫೀಲ್ಡ್ ಮಾಡಿಕೊಂಡು ಒಳಗೊಳಗೇ ಒಡೆಯಬಹುದು. ಇದು ಸ್ವಲ್ಪ ದೊಡ್ಡ ಕೆಲಸ, ಬೇರೆ ದಾರಿ ಇಲ್ಲದಾಗ ಮಾತ್ರ.

ಪ್ಯಾರಾಮೀಟರ್‌ಗಳಲ್ಲಿ ಹೌದು, ಇಲ್ಲ ಅನ್ನುವ ಫ್ಲ್ಯಾಗ್ ಇದ್ದರೆ, ಒಂದೇ ಮೆಥಡ್‌ನಲ್ಲಿ ಎರಡು ಮೆಥಡ್ ಅಡಗಿವೆ. ಎರಡು ಹೆಸರಿನಲ್ಲಿ ಬೇರೆ ಮಾಡಿ.

ತುಂಬಾ ಚಿಕ್ಕದಾಗಿ ಒಡೆದರೆ ಓದಲು ಹಾರಾಡಬೇಕಲ್ಲ?

ನಿಜ. 3 ಸಾಲಿನ 30 ಮೆಥಡ್‌ಗಳ ನಡುವೆ ಹಾರಾಡುವುದೂ ಹಿಂಸೆಯೇ. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹೆಸರು ಓದಿದರೆ ಸಾಕಾ, ಅಥವಾ ಪ್ರತಿ ಸಲ ಒಳಗೆ ಹೋಗಿ ನೋಡಬೇಕಾ? ಪ್ರತಿ ಸಲ ಒಳಗೆ ಹೋಗಬೇಕಿದ್ದರೆ ಆ ಮೆಥಡ್ ಏನನ್ನೂ ಮರೆಮಾಡಿಲ್ಲ. ಅದನ್ನು ವಾಪಸ್ ಮೂಲ ಜಾಗಕ್ಕೇ ಸೇರಿಸಿ. "ಭಾಗ_ಎರಡು", "ಉಳಿದ_ಕೆಲಸ" ಅಂಥ ಹೆಸರಿಗಿಂತ ಒಳ್ಳೆಯದು ಹೊಳೆಯದಿದ್ದರೂ ಅಷ್ಟೇ, ಟೂಲ್‌ನ ಅಂಕಿ ಇಳಿಸಲು ಕತ್ತರಿಸಿದ್ದೀರಿ, ಅರ್ಥ ನೋಡಿ ಕತ್ತರಿಸಿಲ್ಲ.

ಮೆಥಡ್ ಕರೆಗಳು ಹೆಚ್ಚಾದರೆ ಪ್ರೋಗ್ರಾಂ ನಿಧಾನ ಆಗುತ್ತದಾ?

ಬಹುತೇಕ ಸಂದರ್ಭಗಳಲ್ಲಿ ಇಲ್ಲ. ಕಂಪೈಲರ್‌ಗಳು ಸಣ್ಣ ಫಂಕ್ಷನ್‌ಗಳನ್ನು ಕರೆದ ಜಾಗಕ್ಕೇ ಸೇರಿಸಿಬಿಡುತ್ತವೆ. ಜಾವಾದಲ್ಲಂತೂ ಉಲ್ಟಾ ಆಗಬಹುದು. ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಹಾಟ್‌ಸ್ಪಾಟ್ ಜೆವಿಎಂ, 8000 ಬೈಟ್‌ಗಿಂತ ದೊಡ್ಡ ಬೈಟ್‌ಕೋಡ್ ಇರುವ ಮೆಥಡನ್ನು ಮಾಮೂಲಿ ಸೆಟ್ಟಿಂಗ್‌ನಲ್ಲಿ ಜೆಐಟಿ ಕಂಪೈಲ್ (ಓಡುತ್ತಿರುವಾಗಲೇ ಯಂತ್ರದ ಭಾಷೆಗೆ ಬದಲಿಸುವುದು) ಮಾಡುವುದೇ ಇಲ್ಲ, ಅದು ಇಂಟರ್‌ಪ್ರಿಟರ್‌ನಲ್ಲೇ ನಿಧಾನವಾಗಿ ಓಡುತ್ತದೆ. ಕೋಟಿಗಟ್ಟಲೆ ಸಲ ತಿರುಗುವ ಲೂಪ್ ಒಳಗಿನ ಕೋಡ್ ಆದರೆ ಮಾತ್ರ ಪ್ರೊಫೈಲರ್ (ಎಲ್ಲಿ ಎಷ್ಟು ಸಮಯ ಹೋಗುತ್ತದೆ ಅಂತ ತೋರಿಸುವ ಟೂಲ್) ಹಾಕಿ ಅಳೆದು ನೋಡಿ.

ಇದಕ್ಕೆ ಸಮಯ ಕೊಡಿ ಅಂತ ಮೇಲಿನವರನ್ನು ಒಪ್ಪಿಸುವುದು ಹೇಗೆ?

"ರಿಫ್ಯಾಕ್ಟರ್‌ಗೆ ಎರಡು ವಾರ ಬೇಕು" ಅಂತ ಕೇಳಿದರೆ ಸಿಗುವುದು ಕಷ್ಟ. ಸಿಕ್ಕರೂ ಎರಡು ವಾರದ ದೊಡ್ಡ ಬದಲಾವಣೆಯನ್ನು ಯಾರೂ ಸರಿಯಾಗಿ ರಿವ್ಯೂ ಮಾಡಲಾರರು. ಕೈಗೆ ಬಂದ ಕೆಲಸದ ಜೊತೆಗೇ ಮಾಡಿ. ಹೊಸ ರಿಯಾಯಿತಿ ನಿಯಮ ಸೇರಿಸಬೇಕಾ? ಮೊದಲು ರಿಯಾಯಿತಿ ಲೆಕ್ಕವನ್ನು ಬೇರೆ ಮೆಥಡ್ ಮಾಡುವ ಒಂದು ಕಮಿಟ್, ಆಮೇಲೆ ಹೊಸ ನಿಯಮದ ಕಮಿಟ್. ಹೀಗೆ ಮಾಡಿದ ಕೆಲಸಕ್ಕೆ ಬೇರೆ ಅನುಮತಿ ಕೇಳುವ ಪ್ರಮೇಯ ಬರುವುದಿಲ್ಲ.

ಟೂಲ್‌ನ ಎಚ್ಚರಿಕೆಯನ್ನು ಒಂದು ಮೆಥಡ್‌ಗೆ ಮಾತ್ರ ಆಫ್ ಮಾಡಬಹುದಾ?

ಮಾಡಬಹುದು. ದೊಡ್ಡ ಸ್ವಿಚ್ ಇರುವ ಪಾರ್ಸರ್, ಟೂಲೇ ತಯಾರಿಸಿದ ಕೋಡ್, ಗಣಿತದ ಒಂದು ಉದ್ದ ಸೂತ್ರ, ಇವನ್ನು ಒಡೆದರೆ ಓದುವುದು ಇನ್ನೂ ಕಷ್ಟ ಆಗಬಹುದು. ಆದರೆ ಎರಡು ನಿಯಮ ಪಾಲಿಸಿ. ಆ ಮೆಥಡ್‌ಗಷ್ಟೇ ಆಫ್ ಮಾಡಿ, ಇಡೀ ಫೈಲಿಗೆ ಬೇಡ. ಮತ್ತೆ, ಪಕ್ಕದಲ್ಲೇ ಕಾರಣ ಬರೆಯಿರಿ: "ಪ್ರತಿ ಕೇಸ್ ಒಂದೇ ಸಾಲು, ಒಂದಕ್ಕೊಂದು ಸಂಬಂಧ ಇಲ್ಲ, ಹಾಗಾಗಿ ಒಡೆದಿಲ್ಲ." ಮುಂದಿನ ವರ್ಷ ಆ ಕೇಸ್‌ಗಳು ಐದೈದು ಸಾಲು ಬೆಳೆದಿದ್ದರೆ, ಆ ಕಾಮೆಂಟ್ ಓದಿದವರಿಗೆ ಅದು ಈಗ ನಿಜ ಅಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.